ಅಜ್ಜಿಯ ಪ್ರದಕ್ಷಿಣೆ, ಮೊಮ್ಮಗನ ಮೊಟ್ಟೆ

ಡೊಂಬಿವಲಿಯವರ ಭೂಗೋಳ ಬಹಳ ಸರಳ. ಮನೆ, ಸ್ಟೇಷನ್, ಆಫೀಸು. ನಡುವೆ ಇರುವುದನ್ನೆಲ್ಲ ಲೋಕಲ್ ನುಂಗಿಬಿಡುತ್ತದೆ. ಕಲ್ಯಾಣ್ ಎಷ್ಟು ದೂರ ಎಂದು ಯಾರನ್ನಾದರೂ ಕೇಳಿ. ಫಾಸ್ಟ್ ಆದರೆ ಮುಂದಿನ ಸ್ಟೇಷನ್, ಸ್ಲೋ ಆದರೆ ನಡುವೆ ಠಾಕುರ್ಲಿ ಅನ್ನುತ್ತಾರೆಯೇ ಹೊರತು ಕಿಲೋಮೀಟರಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಬಂತಲ್ಲ, ಈ ಚಾಳಿ ಆಗಲೇ ಹಿಡಿದಿರಬೇಕು.

ಇಂಥ ಊರಿಗೆ ವಕ್ಕರಿಸಿತು ನೋಡಿ, ನಡೆದರೆ ಮಾತ್ರ ಒಲಿಯುವ ಆಟ: ಪೋಕೆಮಾನ್ ಗೋ. 2016ರ ಜುಲೈನಲ್ಲಿ ಹೊರದೇಶಗಳಲ್ಲಿ ಶುರುವಾಗಿ, ಡಿಸೆಂಬರಿನಲ್ಲಿ ಅಧಿಕೃತವಾಗಿ ಭಾರತಕ್ಕೆ ಬಂತು. ನಮ್ಮ ಹುಡುಗರು ಅಷ್ಟು ದಿನ ಕಾಯುತ್ತಾರೆಯೇ? ಹಿತ್ತಲ ಬಾಗಿಲಿನಿಂದ ಮೊದಲೇ ತಂದುಕೊಂಡಿದ್ದರು. ಫೋನಿನ ನಕಾಶೆಯಲ್ಲಿ ನಮ್ಮದೇ ಬೀದಿ ಕಾಣುತ್ತದೆ. ಗುಡಿ, ಪ್ರತಿಮೆ, ಉದ್ಯಾನಗಳ ಹತ್ತಿರ ಹೋದರೆ ಚೆಂಡು, ಮೊಟ್ಟೆ ಸಿಗುತ್ತವೆ. ಮೊಟ್ಟೆಯೊಳಗಿನ ಪ್ರಾಣಿ ಹೊರಬರಬೇಕಾದರೆ ಎರಡೋ ಐದೋ ಹತ್ತೋ ಕಿಲೋಮೀಟರ್ ನಡೆಯಬೇಕು. ಲೋಕಲ್‌ನಲ್ಲಿ ಕೂತು ಮೊಟ್ಟೆ ಒಡೆಸೋಣವೆಂದರೆ ಅದು ನಡೆಯದು. ತಾಸಿಗೆ ಹತ್ತು ಕಿಲೋಮೀಟರ್ ಆಸುಪಾಸು ದಾಟಿದರೆ ದೂರ ಲೆಕ್ಕಕ್ಕಿಲ್ಲ. ಮೇಲಿಂದ, ವಾಹನ ಓಡಿಸುತ್ತ ಆಡಬೇಡ, ನೀನು ಪ್ರಯಾಣಿಕನೆಂದು ಒಪ್ಪಿಕೋ ಎಂದು ಪರದೆಯ ಮೇಲೆ ತಾಕೀತು. ಬೆಳಗಿನ ಹೊತ್ತು ಎರಡನೇ ದರ್ಜೆಯಲ್ಲಿ ಒಂದೇ ಕಾಲ ಮೇಲೆ ನಿಂತವನಿಗೆ ಇದನ್ನು ಹೇಳಬೇಕೆ?

ನಡೆಯೋಣ, ಆದರೆ ಎಲ್ಲಿ? ಈ ಆಟ ಕಟ್ಟಿದವರು ಫುಟ್‌ಪಾತ್ ಇರುವ ಊರಿನವರು. ನಮ್ಮ ಸ್ಟೇಷನ್ ರಸ್ತೆಯಲ್ಲಿ ಫುಟ್‌ಪಾತಿನ ಮೇಲೆ ಸೊಪ್ಪಿನವಳು, ಮೊಬೈಲ್ ಕವರಿನವನು, ವಡಾಪಾವ್ ಗಾಡಿ. ಉಳಿದ ಜಾಗದಲ್ಲಿ ಪಾರ್ಕ್ ಮಾಡಿದ ಸ್ಕೂಟರು. ಪರದೆ ನೋಡುತ್ತ ನಡೆದರೆ ಪ್ರಾಣಿ ಸಿಗುವ ಮೊದಲು ರಿಕ್ಷಾ ಸಿಗುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗಿದೆ: ಮಗ ಫೋನ್ ನೋಡುವುದು, ಇವಳು ಅವನ ಕಾಲರ್ ಹಿಡಿಯುವುದು, ನಾನು ರಿಕ್ಷಾ ನೋಡುವುದು. ಜಪಾನಿನಲ್ಲೋ ಅಮೆರಿಕದಲ್ಲೋ ಒಬ್ಬೊಬ್ಬರೇ ಆಡಿಕೊಳ್ಳಬಹುದು. ಡೊಂಬಿವಲಿಯಲ್ಲಿ ಇದು ಸಂಸಾರ ಸಮೇತ ಆಡುವ ಆಟವಾದದ್ದು ಪ್ರೀತಿಯಿಂದಲ್ಲ, ಫುಟ್‌ಪಾತಿಲ್ಲದೆ. ಸಿಡ್ಕೋದವರು ನಕ್ಷೆ ಬರೆದು ಕಟ್ಟಿದ ನವಿಮುಂಬಯಿಗೆ ಹೋದರೆ ಇವಳ ಕೈಗೆ ಬಿಡುವು. ವಾಶಿಯ ಸಾಗರ್ ವಿಹಾರದಲ್ಲಿ ಮಗ ತನ್ನ ಪಾಡಿಗೆ ಮುಂದೆ, ನಾವಿಬ್ಬರು ಕಡಲೆಕಾಯಿ ತಿನ್ನುತ್ತ ಹಿಂದೆ.

ನಮ್ಮೆಲ್ಲರಿಗಿಂತ ದೊಡ್ಡ ಆಟಗಾರರು ನಮ್ಮ ಅಮ್ಮ. ಉಡುಪಿ ಕಡೆಯವರು, ಬೆಳ್ಳುಳ್ಳಿ ಸಹ ಮನೆಯೊಳಗೆ ಬಿಟ್ಟವರಲ್ಲ. ಆಟದ ಕಿಟಕಿ ಮುಚ್ಚಿದ್ದರೂ ಹೆಜ್ಜೆ ಎಣಿಸುವ ಅನುಕೂಲ 2018ರಲ್ಲಿ ಬಂತು. ಶಾಲೆಗೆ ಫೋನ್ ಒಯ್ಯುವಂತಿಲ್ಲ; ಮೊಮ್ಮಗ ಅದನ್ನು ಅಜ್ಜಿಯ ಬಟ್ಟೆ ಚೀಲಕ್ಕೆ ಹಾಕಿ ಹೋಗುತ್ತಾನೆ. ಅವರೋ ಫಡಕೆ ರಸ್ತೆಯ ಗಣೇಶ ಮಂದಿರಕ್ಕೆ ನಡೆದು ಹೋಗಿ, ಇಪ್ಪತ್ತೊಂದು ಪ್ರದಕ್ಷಿಣೆ ಹಾಕಿ, ಹೂವಿನವಳ ಹತ್ತಿರ ಚೌಕಾಸಿ ಮಾಡಿ, ನಡೆದೇ ಬರುವವರು. ಸಂಜೆ ನೋಡಿದರೆ ಮೊಟ್ಟೆ ಒಡೆಯಲು ತಯಾರು.

ವಿಷಯ ಗೊತ್ತಾದ ದಿನ ರಂಪವಾಯಿತು. "ಕೃಷ್ಣ ಕೃಷ್ಣಾ! ದೇವಸ್ಥಾನಕ್ಕೆ ನನ್ನ ಹತ್ರ ಮೊಟ್ಟೆ ಹೊರಿಸಿದ್ಯಾ ಮಾಣಿ?"

ನಗಬೇಡಿ. 2016ರ ಸೆಪ್ಟೆಂಬರಿನಲ್ಲಿ ಗುಜರಾತ್ ಹೈಕೋರ್ಟಿಗೆ ಇದೇ ತಕರಾರು ಹೋಗಿತ್ತು: ಹಿಂದೂ, ಜೈನ ಗುಡಿಗಳಲ್ಲಿ ಈ ಆಟ ಮೊಟ್ಟೆ ತೋರಿಸುತ್ತದೆ, ಭಕ್ತರಿಗೆ ನೋವಾಗುತ್ತದೆ ಎಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಕೋರ್ಟು ಕಂಪನಿಗೆ ನೋಟಿಸನ್ನೂ ಕೊಟ್ಟಿತು. ನಮ್ಮ ಮನೆಯ ಹೈಕೋರ್ಟು ಮಾತ್ರ ಅದೇ ದಿನ ತೀರ್ಪಿತ್ತಿತು. "ತಿನ್ನುವುದಾ, ಮರಿ ಮಾಡುವುದಾ?" ಮರಿ ಮಾಡುವುದು ಅಂದ ಇವನು. "ಹಾಗಾದ್ರೆ ಅಡ್ಡಿಲ್ಲ."

ರಜೆಯ ದಿನ ಥಾಣೆಯ ತಲಾವ್‌ಪಾಳಿಗೆ ಹೋಗುವುದುಂಟು. ಮಾಸುಂದಾ ಕೆರೆಯ ದಂಡೆ, ಗಡಕರಿ ರಂಗಾಯತನದ ಎದುರು. ದೊಡ್ಡ ಪ್ರಾಣಿಯನ್ನು ಕೆಡವಲು ನಾಲ್ಕಾರು ಮಂದಿ ಕೂಡಬೇಕಾದ್ದರಿಂದ ಗುರುತಿಲ್ಲದವರೆಲ್ಲ ಫೋನ್ ಹಿಡಿದು ಒಂದೇ ಕಡೆ ನಿಂತಿರುತ್ತಾರೆ. ಮರಾಠಿ ಹಿಂದಿಗಳ ನಡುವೆ ಒಮ್ಮೆ, "ಅಪ್ಪಾ, ಬೇಗ ಒತ್ತಿ ಮಾರ್ರೆ!" ಎಂದು ಒಂದು ಹುಡುಗಿಯ ಕೂಗು. ಇವಳ ಕಿವಿ ನೆಟ್ಟಗಾಯಿತು. ಪ್ರಾಣಿ ತಪ್ಪಿಸಿಕೊಂಡಿತು, ಆ ಹುಡುಗಿಯ ತಾಯಿಯಿಂದ ಒಳ್ಳೆಯ ಕುಚ್ಚಲಕ್ಕಿ ಸಿಗುವ ಅಂಗಡಿಯ ವಿಳಾಸ ಸಿಕ್ಕಿತು. ಲಾಭ ಯಾರಿಗೆಂದು ನೀವೇ ಹೇಳಿ.

ಮಳೆಗಾಲದ ಕಥೆ ಬೇರೆ. ಹೊರಗೆ ಮಳೆ ಬಂದರೆ ಆಟದಲ್ಲೂ ಮಳೆ, ನೀರಿನ ಪ್ರಾಣಿಗಳು ಹೆಚ್ಚು. ಆದರೆ ಒದ್ದೆ ಬೆರಳಿಗೆ ಪರದೆ ಜಪ್ಪಯ್ಯ ಅನ್ನುವುದಿಲ್ಲ.

2025ರಲ್ಲಿ ಕಂಪನಿಯವರು ಈ ಆಟವನ್ನು ತಮ್ಮ ಇತರ ಆಟಗಳ ಜೊತೆ 350 ಕೋಟಿ ಡಾಲರಿಗೆ ಬೇರೆಯವರಿಗೆ ಮಾರಿದರು. ಪೇಪರ್ ಓದಿ ಹೇಳಿದೆ. ಅಮ್ಮ ಬತ್ತಿ ಹೊಸೆಯುತ್ತಿದ್ದವರು ತಲೆಯೆತ್ತಿದರು.

"ನನ್ನ ಪ್ರದಕ್ಷಿಣೆಯೂ ಅದ್ರಲ್ಲಿ ಸೇರಿ ಹೋಯ್ತಾ?"

"ಕಿಲೋಮೀಟರ್ ಮಾತ್ರ ಅಜ್ಜಿ, ಪುಣ್ಯ ನಿಮ್ಮದೇ" ಅಂದ ಮೊಮ್ಮಗ.

"ಅದನ್ನು ಕಾಗದದಲ್ಲಿ ಬರೆಸಿಕೊಂಡಿದ್ದೀರಾ?"