ಬೀಡಿಗೆ ತಕ್ಕ ತಾಣ

ಬೇಟೆಗೆ ಹೊರಡುವವನು ಮೊದಲು ಕೋವಿಯನ್ನು ಒರಸಿ ಎಣ್ಣೆ ಹಚ್ಚುತ್ತಾನೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅವನು ಮೊದಲು ಮಾಡುವ ಕೆಲಸ ಬೀಡು ಬಿಡುವ ಜಾಗವನ್ನು ಆರಿಸುವುದು. ಜಾಗ ಸರಿಯಿಲ್ಲದಿದ್ದರೆ ಕೋವಿ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ; ಜಾಗ ಸರಿಯಾಗಿದ್ದರೆ ಕೋವಿಯೇ ಇಲ್ಲದೆ ಹೋದರೂ ಹೊರಟ ಕಾರ್ಯ ವ್ಯರ್ಥವಾಗದು. ಈ ಮಾತಿನ ಪೂರ್ವಾರ್ಧವನ್ನು ನನಗೆ ಕಲಿಸಿದವರು ನಮ್ಮ ತಾತ. ಉತ್ತರಾರ್ಧವನ್ನು ಕಲಿಸಿದವನು ನನ್ನ ತರಗತಿಯ ಒಬ್ಬ ಹುಡುಗ.

ನಮ್ಮ ಸೀಮೆಯನ್ನು ಕಾಣದ ಓದುಗರಿಗಾಗಿ ಎರಡು ಮಾತು ಹೇಳಬೇಕು. ಬ್ರಹ್ಮಸಮುದ್ರವೆಂಬ ಹೆಸರನ್ನು ಕೇಳಿದವರು ಇಲ್ಲಿ ಅಲೆಗಳು ಮೊರೆಯುತ್ತಿರಬಹುದೆಂದು ಊಹಿಸಿಯಾರು. ಸಮುದ್ರವಿರುವುದು ಹೆಸರಿನಲ್ಲಿ ಮಾತ್ರ. ಕಲ್ಯಾಣದುರ್ಗದ ಸುತ್ತಣ ಈ ನೆಲ ೧೮೮೨ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ವರ್ಷ ಅನಂತಪುರ ಬೇರೆ ಜಿಲ್ಲೆಯಾಯಿತು. ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಜಗಳದಲ್ಲಿ ಎರಡೂ ಎಂಬಂತೆ ನಮ್ಮ ಗಡಿಯ ಬಾಳು ಸಾಗಿದೆ. ಮಳೆಯ ವಿಷಯದಲ್ಲಿ ಮಾತ್ರ ಎರಡು ಭಾಷೆಯವರದೂ ಒಂದೇ ಗೋಳು. ಮುಂಗಾರಿನ ಮೋಡ ತನ್ನ ಭಾರವನ್ನೆಲ್ಲ ಪಶ್ಚಿಮ ಘಟ್ಟಗಳ ಮೇಲೆ ಇಳಿಸಿ ಬರಿಗೈಯಲ್ಲಿ ಇತ್ತ ಬರುತ್ತದೆ. ಹಿಂಗಾರಿನ ಮೋಡಕ್ಕೆ ಪೂರ್ವ ಕರಾವಳಿಯಿಂದ ಇಲ್ಲಿಯವರೆಗೆ ಬರುವಷ್ಟರಲ್ಲಿ ದಣಿವಾಗಿರುತ್ತದೆ. ವರ್ಷಕ್ಕೆ ಸರಾಸರಿ ಸುಮಾರು ೫೫೦ ಮಿಲಿಮೀಟರ್ ಮಳೆ ಎಂದು ಲೆಕ್ಕ. ಆ ಲೆಕ್ಕವನ್ನು ತಪ್ಪದೆ ಪಾಲಿಸಬೇಕೆಂಬ ಹಟ ಮಳೆಗೆ ಇಲ್ಲ.

೨೫೦ ಮಿಲಿಮೀಟರಿಗಿಂತ ಕಡಿಮೆ ಮಳೆಯಾಗುವ ನೆಲವನ್ನು ಮರುಭೂಮಿ ಎನ್ನಬೇಕೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಆ ಲೆಕ್ಕದಂತೆ ನಮ್ಮದು ಮರುಭೂಮಿಯಲ್ಲ. ಆದರೆ ಕಣೇಕಲ್ಲು, ಬೊಮ್ಮನಹಾಳ್ ಕಡೆಗೆ ಹೋಗಿ ಹಗರಿಯ ದಂಡೆಯಲ್ಲಿ ನಿಂತವರು ಈ ಪಾಠವನ್ನು ಮರೆಯುತ್ತಾರೆ. ನಮ್ಮ ಭೈರವಾನಿತಿಪ್ಪೆಯನ್ನು ದಾಟಿ ಬಂದ ವೇದಾವತಿಗೇ ಮುಂದೆ ಹಗರಿಯೆಂದು ಹೆಸರು. ನೀರಿಲ್ಲದ ಆ ನದಿಯ ಮರಳನ್ನು ಮುಂಗಾರಿನ ಗಾಳಿ ಎತ್ತಿ ಹೊಲಗಳ ಮೇಲೆ ಸುರಿದು, ಅಲ್ಲಿ ದಿಬ್ಬದ ಮೇಲೆ ದಿಬ್ಬ ಎದ್ದಿದೆ. ರಾಜಸ್ಥಾನದ ಚಿತ್ರವೊಂದನ್ನು ಯಾರೋ ತಂದು ಇಲ್ಲಿ ಅಂಟಿಸಿದಂತೆ ತೋರುತ್ತದೆ.

ನಮ್ಮ ತಾತ ಹಕ್ಕಿ ಬೇಟೆಗೆ ಹೋಗುತ್ತಿದ್ದುದು ಇಂಥ ಬಯಲುಗಳಿಗೆ. ಅವರ ಕಾಲದಲ್ಲಿ ಅದು ನಿಷಿದ್ಧವಾಗಿರಲಿಲ್ಲ. ಗೌಜಲು, ಬುರ್ಲಿ, ಕಲ್ಲುಗೌಜಲು ಇವೇ ಅವರ ಗುರಿ. ನಾನು ಹುಟ್ಟುವ ಹೊತ್ತಿಗೆ ಕೋವಿ ಮನೆಯಲ್ಲಿರಲಿಲ್ಲ, ಅದರ ಕಥೆಗಳಿದ್ದವು. ಆ ಕಥೆಗಳಲ್ಲಿ ಹೊಡೆದ ಹಕ್ಕಿಗಳ ಸಂಖ್ಯೆ ವರ್ಷವರ್ಷಕ್ಕೆ ಏರುತ್ತಿತ್ತು, ಆದರೆ ಬೀಡಿನ ನಿಯಮಗಳು ಮಾತ್ರ ಎಂದೂ ಬದಲಾಗಲಿಲ್ಲ. ಹೊಳೆಯ ಮರಳು ಮೆತ್ತಗಿದೆಯೆಂದು ಅದರ ಮೇಲೆ ಮಲಗಬಾರದು. ಮಳೆ ಎಲ್ಲೋ ಮೇಲುಸೀಮೆಯಲ್ಲಿ ಬಿದ್ದು ನೀರು ನಡುರಾತ್ರಿ ಬಂದೀತು. ದಿಬ್ಬದ ನೆತ್ತಿಯಲ್ಲಿ ಗಾಳಿ, ಬುಡದಲ್ಲಿ ಮಂಡಲದ ಹಾವು. ಆದುದರಿಂದ ನಡುವಿನ ಗಟ್ಟಿ ನೆಲವೇ ಲೇಸು. ಡೇರೆಯ ಬಾಯಿ ಗಾಳಿಗೆ ಬೆನ್ನು ಮಾಡಿರಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ನೀರಿನ ಪಕ್ಕದಲ್ಲಿ ಬೀಡು ಬಿಡಬಾರದು. “ನೀರು ಅವುಗಳದು. ನೀನು ಅಲ್ಲಿ ಕೂತರೆ ಅವು ಬರೋದಿಲ್ಲ. ಅವು ಬರದಿದ್ದರೆ ನೀನು ಹೋಗಿದ್ದೇಕೆ?” ಎಂದು ತಾತ ಕೇಳುತ್ತಿದ್ದರು.

ಕಳೆದ ವರ್ಷ ಶಿವರಾತ್ರಿ ಕಳೆದ ಮೇಲೆ ಬಂದ ಎರಡನೆಯ ಶನಿವಾರ, ಭಾನುವಾರಗಳಲ್ಲಿ ಒಂದು ರಾತ್ರಿ ಬಯಲಿನಲ್ಲಿ ತಂಗಬೇಕೆಂದು ನಾವು ನಾಲ್ವರು ಉಪಾಧ್ಯಾಯರು, ಹಿರಿಯ ತರಗತಿಯ ಹತ್ತು ಹುಡುಗರು ನಿಶ್ಚಯಿಸಿದೆವು. ಎಲ್ಲಿ ಎಂಬ ಪ್ರಶ್ನೆ ಬಂದೊಡನೆ ಉಪಾಧ್ಯಾಯರ ಕೊಠಡಿ ಶಾಸನಸಭೆಯಾಯಿತು. ಒಬ್ಬರು ಹಗರಿಯ ಮರಳುದಿಬ್ಬಗಳೇ ಆಗಬೇಕೆಂದರು; ಮಕ್ಕಳು ಮರುಭೂಮಿಯನ್ನು ಕಣ್ಣಾರೆ ಕಾಣಲಿ ಎಂಬುದು ಅವರ ವಾದ. ಇನ್ನೊಬ್ಬರಿಗೆ ಭೈರವಾನಿತಿಪ್ಪೆಯ ಜಲಾಶಯದ ಅಂಚೇ ಬೇಕಾಗಿತ್ತು. ೨೦೨೨ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ೮೯ ವರ್ಷಗಳ ತರುವಾಯ ಕೋಡಿಬಿದ್ದು ವೇದಾವತಿ ತುಂಬಿ ಹರಿದ ನೆನಪು ಅವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ದಿಬ್ಬಗಳು ದೂರ, ಮಕ್ಕಳನ್ನು ಅಷ್ಟು ದೂರ ಒಯ್ಯಲು ನಮ್ಮಲ್ಲಿ ಹಣವಿರಲಿಲ್ಲ. ಜಲಾಶಯದ ಅಂಚಿನಲ್ಲಿ ಕೆಸರು, ಆಳ. ಹತ್ತು ಹುಡುಗರನ್ನು ಅಲ್ಲಿ ಕಾಯುವವರಾರು? ಉಳಿದದ್ದು ಊರಿನಾಚೆಯ ಕಲ್ಲುಬಯಲು. ಕುರುಚಲು ಜಾಲಿ, ಒಣಹುಲ್ಲು, ನೊರಜುಗಲ್ಲು, ನಡುವೆ ಬತ್ತುತ್ತಿದ್ದ ಒಂದು ಕುಂಟೆ. ಕುಂಟೆಯ ದಂಡೆಯಲ್ಲಿ ಡೇರೆ ಹಾಕಿದರೆ ಅಡಿಗೆಗೂ ಪಾತ್ರೆ ತೊಳೆಯಲಿಕ್ಕೂ ಅನುಕೂಲವೆಂದು ಮೂವರೂ ಒಪ್ಪಿದರು.

ಹೊರಗೆ ಕಿಟಕಿಯ ಬಳಿ ನಿಂತಿದ್ದ ಒಬ್ಬ ಹುಡುಗ ಆಗ ಮೆಲ್ಲನೆ ಹೇಳಿದ: “ಸಾರ್, ಅಲ್ಲಿ ಡೇರೆ ಹಾಕಬ್ಯಾಡ್ರಿ. ಹೊತ್ತು ಏರಿದ ಮ್ಯಾಲೆ ಅವು ಅಲ್ಲಿಗೇ ನೀರಿಗೆ ಬರ್ತಾವೆ. ಸುತ್ತಾ ಬ್ಯಾರೆ ನೀರಿಲ್ಲ ಸಾರ್.”

ಅವನ ಮನೆಯವರು ತಲೆತಲಾಂತರದಿಂದ ಬಲೆ ಒಡ್ಡಿ ಹಕ್ಕಿ ಹಿಡಿದು ಬಾಳಿದವರು. ಮಗ್ಗಿಯಲ್ಲಿ ಹಿಂದೆ ಬೀಳುವ ಆ ಹುಡುಗನಿಗೆ ಯಾವ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ಇಳಿಯುವುದೆಂಬುದು ಬಾಯಿಪಾಠ. ತಾತನ ನಿಯಮವನ್ನೇ ಅವನು ಹೇಳಿದ್ದ. ಆದರೆ ತಾತ ಹೇಳದಿದ್ದ ಅರ್ಧವೊಂದು ಅವನ ಮಾತಿನಲ್ಲಿತ್ತು. ‘ಅವು ಬರದಿದ್ದರೆ ನಮಗೇನು ನಷ್ಟ?’ ಎಂಬುದು ತಾತನ ಚಿಂತೆ. ‘ಬರಲಾಗದಿದ್ದರೆ ಅವುಗಳ ಗತಿಯೇನು?’ ಎಂಬುದು ಹುಡುಗನ ಚಿಂತೆ.

ಅವನು ಹೇಳಿದ್ದು ಕಲ್ಲುಗೌಜಲನ್ನು ಕುರಿತು. ನೋಡಲು ಗೌಜಲಿನಂತಿದ್ದರೂ ಅದರ ಕುಲವೇ ಬೇರೆ. ಒಣ ಕಾಳುಗಳೇ ಅದರ ಆಹಾರವಾದ್ದರಿಂದ ದಿನವೂ ನೀರು ಕುಡಿಯದೆ ಅದಕ್ಕೆ ವಿಧಿಯಿಲ್ಲ. ಬೆಳಿಗ್ಗೆ ಬಿಸಿಲೇರಿದ ಮೇಲೆ ಗುಂಪು ಕಟ್ಟಿಕೊಂಡು ದೂರದಿಂದ ಹಾರಿ ಬರುತ್ತದೆ. ಮರಿಗಳಿಗಾದರೋ ರೆಕ್ಕೆ ಬಲಿತಿರುವುದಿಲ್ಲ. ಅವು ನೀರಿದ್ದಲ್ಲಿಗೆ ಬರಲಾರವು. ಗಂಡುಹಕ್ಕಿ ನೀರಿಗಿಳಿದು, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು, ಆ ನೀರನ್ನು ಹೊತ್ತು ಮರಿಗಳಿದ್ದಲ್ಲಿಗೆ ಹಾರುತ್ತದೆ. ಮರಿಗಳು ತಂದೆಯ ಗರಿಗಳನ್ನು ಕೊಕ್ಕಿನಿಂದ ಚೀಪುತ್ತವೆ. ಮೀಡ್-ವಾಲ್ಡೊ ಎಂಬ ಆಂಗ್ಲ ಪಕ್ಷಿಪಾಲಕನು ೧೮೯೬ರಲ್ಲಿ ಇದನ್ನು ಬರೆದಾಗ ಅನೇಕ ವಿದ್ವಾಂಸರು ನಂಬಲಿಲ್ಲ. ೧೯೬೭ರಲ್ಲಿ ಕೇಡ್, ಮೆಕ್ಲೀನ್ ಎಂಬಿಬ್ಬರು ಆಫ್ರಿಕದ ಕಲಹಾರಿಯಲ್ಲಿ ಪರೀಕ್ಷಿಸಿ ಇದು ನಿಜವೆಂದು ತೋರಿಸಿದರು. ನಮ್ಮ ಹುಡುಗನ ಮನೆಯಲ್ಲಿ ಇದು ಯಾರೂ ಪರೀಕ್ಷಿಸಬೇಕಾಗಿಲ್ಲದ ಸಂಗತಿ.

ಹಕ್ಕಿಯ ಈ ಬಾಯಾರಿಕೆಯನ್ನು ಬಲ್ಲವರಲ್ಲಿ ಎಲ್ಲರೂ ಕರುಣಾಳುಗಳಲ್ಲ. ಬಿಕಾನೇರಿನ ಮಹಾರಾಜ ಗಂಗಾಸಿಂಗರು ಗಜನೇರ್ ಎಂಬ ಸರೋವರದಲ್ಲಿ ಚಳಿಗಾಲದಲ್ಲಿ ವೈಸರಾಯರಿಗೂ ಅತಿಥಿಗಳಿಗೂ ಏರ್ಪಡಿಸುತ್ತಿದ್ದ ಕಲ್ಲುಗೌಜಲಿನ ಬೇಟೆ ಲೋಕಪ್ರಸಿದ್ಧವಾಗಿತ್ತು. ಮರುಭೂಮಿಯಲ್ಲಿ ಬೇಟೆಗೆ ಜಾಗ ಆರಿಸುವ ವಿದ್ಯೆಯ ತುತ್ತತುದಿಯದು. ಬೇಟೆಯ ದಿನಕ್ಕೆ ಮುನ್ನ ಸುತ್ತಣ ಬೇರೆ ನೀರಿನ ತಾಣಗಳ ಬಳಿ ಆಳುಗಳನ್ನು ನಿಲ್ಲಿಸಿ ಹಕ್ಕಿಗಳು ಅಲ್ಲಿ ಇಳಿಯದಂತೆ ಬೆದರಿಸುತ್ತಿದ್ದರು. ದಾಹ ತಾಳಲಾರದೆ ಹಕ್ಕಿಗಳೆಲ್ಲ ಗಜನೇರಿಗೇ ಬರುತ್ತಿದ್ದವು; ಅಲ್ಲಿ ಕೋವಿಗಳು ಕಾದಿರುತ್ತಿದ್ದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕುಂಟೆಯ ದಂಡೆಯಲ್ಲಿ ಡೇರೆ ಹಾಕಿ, ಒಲೆ ಹೊತ್ತಿಸಿ, ಹತ್ತು ಹುಡುಗರನ್ನು ಕುಣಿಯಬಿಟ್ಟಿದ್ದರೆ ಕೋವಿಯಿಲ್ಲದ ನಾವೂ ಆ ಬೆದರಿಸುವ ಆಳುಗಳ ಕೆಲಸವನ್ನೇ ಮಾಡಿದಂತಾಗುತ್ತಿತ್ತು.

ಕುಂಟೆಯಿಂದ ಎರಡು ಫರ್ಲಾಂಗು ದೂರದ ಗಟ್ಟಿ ನೆಲದಲ್ಲಿ ನಮ್ಮ ಬೀಡು ಇಳಿಯಿತು. ನೀರನ್ನು ಊರಿನಿಂದಲೇ ಬಿಂದಿಗೆಗಳಲ್ಲಿ ಹೊತ್ತುಕೊಂಡು ಹೋದೆವು. ಹುಡುಗರು ದಾರಿಯುದ್ದಕ್ಕೂ ಗೊಣಗಿದರು. ಉಪಾಧ್ಯಾಯರು ಮನಸ್ಸಿನಲ್ಲಿಯೇ ಗೊಣಗಿಕೊಂಡರು. ನಮ್ಮ ಜೊತೆಗೆ ಬರಲೊಪ್ಪಿದ ಬಂಧುವೊಬ್ಬರು ಗಾಳಿಕೋವಿ ತರಲೇ ಎಂದು ಮೊದಲೇ ಕೇಳಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ಮೂಗುದಾರ ಹಾಕಿತು, ೧೯೯೧ರ ತಿದ್ದುಪಡಿಯು ವಿನೋದದ ಬೇಟೆಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು, ಬುರ್ಲಿಗೂ ಗೌಜಲಿಗೂ ಅದು ಅನ್ವಯಿಸುತ್ತದೆ ಎಂದು ವಿವರಿಸಬೇಕಾಯಿತು. ಅವರು ದುರ್ಬೀನನ್ನು ತಂದರು.

ಬೆಳಿಗ್ಗೆ ಜಾಲಿಯ ಪೊದೆಗಳ ಹಿಂದೆ ಅಲುಗಾಡದೆ ಕುಳಿತೆವು. ಬಿಸಿಲು ಬೆನ್ನಿಗೆ ಚುರುಕಾಗುವ ಹೊತ್ತಿಗೆ ದೂರದಿಂದ ಕುಲುಕುವಂಥ ಕೂಗು ಕೇಳಿಬಂತು. ನಲವತ್ತಕ್ಕೆ ಕಡಿಮೆಯಿಲ್ಲದ ಹಕ್ಕಿಗಳು ಒಂದು ಸುತ್ತು ಸುತ್ತಿ ದಂಡೆಯಿಂದ ಸ್ವಲ್ಪ ದೂರದಲ್ಲಿ ಇಳಿದವು. ನೆಲದ ಬಣ್ಣದೊಡನೆ ಬಣ್ಣವಾಗಿ ಕ್ಷಣಕಾಲ ಕಣ್ಮರೆಯಾದವು. ಬಳಿಕ ಪುಟ್ಟ ಕಾಲುಗಳಲ್ಲಿ ಅವಸರದಿಂದ ನಡೆದು ಬಂದು, ನಾಲ್ಕು ಗುಟುಕು ಕುಡಿದು, ಒಟ್ಟಿಗೆ ಎದ್ದು ಹಾರಿದವು. ಒಂದು ಗಂಡುಹಕ್ಕಿ ಮಾತ್ರ ಹಿಂದೆ ಉಳಿಯಿತು. ಹೊಟ್ಟೆಯನ್ನು ನೀರಿಗೊತ್ತಿ ಅತ್ತಿತ್ತ ತೂಗಿ ತೂಗಿ ಕುಳಿತುಕೊಂಡಿತು. ಆಮೇಲೆ ಭಾರವಾಗಿ ಮೇಲೆದ್ದು ಬಯಲಿನ ಪೂರ್ವಕ್ಕೆ ಹೋಯಿತು. “ಅಲ್ಲಿ ಮರಿ ಅದಾವೆ ಸಾರ್” ಎಂದು ಹುಡುಗ ಪಿಸುಗುಟ್ಟಿದ. ಹಿಂದಿನ ಸಂಜೆ ಬಿಂದಿಗೆ ಹೊರಲು ಗೊಣಗಿದ್ದ ಮಕ್ಕಳಲ್ಲಿ ಒಬ್ಬನೂ ಮಾತಾಡಲಿಲ್ಲ.

ಹಕ್ಕಿ ಹಿಡಿಯುವವರ ಮನೆಯ ವಿದ್ಯೆ ಇಂದು ಯಾರಿಗೂ ಬೇಡದ್ದಾಗಿದೆ. ಕಾಯಿದೆ ಬೇಟೆಯನ್ನು ನಿಲ್ಲಿಸಿದ್ದು ಸರಿ. ಆದರೆ ಬೇಟೆಯೊಡನೆ ಆ ಅರಿವೂ ಅಳಿಯಬೇಕೆಂಬ ನಿಯಮವೇನಿದೆ? ಜೆರ್ಡಾನನ ಹೆಸರು ಹೊತ್ತ ಒಂದು ಹಕ್ಕಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಕುರುಚಲು ಕಾಡಿನಲ್ಲಿ ರಾತ್ರಿ ಸಂಚರಿಸುವ ಈ ಹಕ್ಕಿ ೧೯೦೦ರಲ್ಲಿ ನಮ್ಮ ಅನಂತಪುರದ ಪ್ರದೇಶದಲ್ಲಿ ಕಂಡದ್ದೇ ಕೊನೆ, ಅದು ಅಳಿದೇ ಹೋಯಿತೆಂದು ಬಹುಕಾಲ ತಿಳಿದಿದ್ದರು. ಮುಂಬಯಿಯ ಪ್ರಕೃತಿವಿಜ್ಞಾನ ಸಂಘದ ಭರತ್ ಭೂಷಣರು ಅದನ್ನು ಅರಸುತ್ತ ಕಡಪದ ಲಂಕಮಲ ಬೆಟ್ಟಗಳ ಕಡೆ ಬಂದರು. ೧೯೮೬ರ ಜನವರಿಯಲ್ಲಿ ಅದನ್ನು ರಾತ್ರಿ ದೀಪದ ಬೆಳಕಿನಲ್ಲಿ ಹಿಡಿದುಕೊಟ್ಟವನು ಐತನ್ನನೆಂಬ ಸ್ಥಳದ ಬೇಟೆಗಾರ. ಹಿಡಿದ ಹಕ್ಕಿ ಬದುಕಲಿಲ್ಲವೆಂಬುದು ದುಃಖದ ಸಂಗತಿ. ಆದರೆ ಅದೇ ಬೆಟ್ಟಗಳಲ್ಲಿ ಆ ಕುಲಕ್ಕೆ ಬಳಿಕ ಅಭಯಾರಣ್ಯವಾಯಿತು.

ಹಿಂದೂಪುರದ ಹತ್ತಿರ ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಹೋದವರು ಬೀಡಿನ ಪಾಠವನ್ನು ಬೇರೊಂದು ಬಗೆಯಲ್ಲಿ ಕಲಿಯಬಹುದು. ಅಲ್ಲಿ ತಾಣವನ್ನು ಆರಿಸಿಕೊಂಡು ಬರುವವು ಹಕ್ಕಿಗಳೇ. ಊರ ನಡುವಣ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಅವುಗಳಿಗೆ ಯಾರೂ ಕಲ್ಲೆಸೆಯಬಾರದೆಂಬ ಕಟ್ಟನ್ನು ಊರವರೇ ಕಾಯ್ದುಕೊಂಡು ಬಂದಿದ್ದಾರೆ.

ನಮ್ಮ ಬಯಲಿಗೆ ಅಂಥ ಹುಣಿಸೆಮರಗಳಿಲ್ಲ; ಇರುವುದು ಕುಂಟೆಗಳು. ಬೇಸಿಗೆ ಬಂದಾಗ ಕೂಲಿಗೆ ಜನವಿಟ್ಟು ಅವುಗಳ ಹೂಳೆತ್ತಿಸುವ ವಾಡಿಕೆಯುಂಟು. ಅದು ಒಳ್ಳೆಯದೇ. ಆದರೆ ನಾಲ್ಕು ಬದಿಯನ್ನೂ ಗೋಡೆಯಂತೆ ನೆಟ್ಟಗೆ ಕಡಿದರೆ ಕಲ್ಲುಗೌಜಲು ಇಳಿಯುವುದೆಲ್ಲಿ? ಅದಕ್ಕೆ ನಡೆದು ಹೋಗಲು ಇಳಿಜಾರಾದ ಬಯಲು ದಂಡೆ ಬೇಕು. ಒಂದು ಬದಿಯನ್ನಾದರೂ ಇಳಿಜಾರಾಗಿ ಬಿಡಿರೆಂದು ಕೇಳಲು ನಾವು ಕೆಲವು ಉಪಾಧ್ಯಾಯರು ಸೇರಿ ಪಂಚಾಯತಿಗೆ ಅರ್ಜಿ ಬರೆದಿದ್ದೇವೆ. ಯಾವ ಕುಂಟೆಗೆ ಯಾವ ಹಕ್ಕಿ ಯಾವ ತಿಂಗಳು ಬರುತ್ತದೆಂಬ ಪಟ್ಟಿಯನ್ನು ಅರ್ಜಿಯೊಡನೆ ಲಗತ್ತಿಸಿದೆ. ಪಟ್ಟಿಯನ್ನು ಹೇಳಿ ಬರೆಸಿದವನು ಆ ಹುಡುಗ. ಕಾಗುಣಿತವನ್ನು ತಿದ್ದಿದ್ದಷ್ಟೇ ನನ್ನ ಕೆಲಸ. ಈ ಪತ್ರಿಕೆಯನ್ನು ಓದುವ ಉಪಾಧ್ಯಾಯ ಬಂಧುಗಳ ತರಗತಿಯಲ್ಲಿಯೂ ಮಗ್ಗಿ ಬಾರದ ಇಂಥ ಹುಡುಗರಿರಬಹುದು. ಮುಂದಿನ ಪ್ರವಾಸಕ್ಕೆ ಜಾಗ ಆರಿಸುವ ಮೊದಲು ಅವರನ್ನೊಂದು ಮಾತು ಕೇಳಿರಿ.