ದಾರಿಯ ಕಾವಲು

ಸವಣೂರಿನ ದೊಡ್ಡಹುಣಸೆ ಮರಗಳ ಬಳಿಯಿಂದ ನಸುಕಿನಲ್ಲಿ ಓಟಕ್ಕೆ ಹೊರಡುತ್ತಿದ್ದ ತರುಣಿಗೆ ಹೊಲಕ್ಕೆ ಹೋಗುವವರೇ ಕಾವಲಾಗಿದ್ದರು. ಉದ್ಯೋಗ ನಿಮಿತ್ತ ಬೆಂಗಳೂರಿಗೆ ಹೊರಟಾಗ ತಾಯಿ "ಓಟ ಬಿಡು" ಎಂದಳು. ಅದು ಮಗಳಿಂದಾಗದು. ಬಾಡಿಗೆ ಮನೆ ಹಿಡಿಯುವ ಮುನ್ನ ಆಕೆ ಪ್ರತಿ ಬೀದಿಯನ್ನೂ ಬೆಳಗಿನ 5 ಗಂಟೆಗೊಮ್ಮೆ, ರಾತ್ರಿ 9 ಗಂಟೆಗೊಮ್ಮೆ ನಡೆದು ನೋಡಿದಳು: ದೀಪ ಉರಿಯುವುದೆ? ಹಾಲಿನ ಬೂತು ತೆರೆದಿದೆಯೆ? ನಾಯಿಗಳ ಹಿಂಡೆಲ್ಲಿ? ಚರಂಡಿಯ ಚಪ್ಪಡಿ ಬಾಯ್ದೆರೆದಿರುವುದೆಲ್ಲಿ? ಎತ್ತರದ ಗೋಡೆಗಳ ನಿರ್ಜನ ಬಡಾವಣೆಗಿಂತ ಜನರೋಡಾಡುವ ಇಕ್ಕಟ್ಟಿನ ಬೀದಿಯೇ ಲೇಸೆನಿಸಿತು. ದೀರ್ಘ ಓಟಕ್ಕೆ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ, ಆಪತ್ತಿಗೆ 112 ಎಂಬ ಸಂಖ್ಯೆ ಒದಗಿದವು. ಜ್ವರದಿಂದ ಎರಡು ದಿನ ಮಲಗಿ ಎದ್ದ ಮುಂಜಾನೆ ಹೂವಿನವಳು "ಯಾಕಮ್ಮಾ, ಕಾಣಲೇ ಇಲ್ಲ?" ಎಂದಳು. ಅಂದು ಸಂಜೆ ಊರಿಗೆ ಸುದ್ದಿ ಹೋಯಿತು: "ಅವ್ವಾ, ನನ್ನನ್ನು ಕೇಳುವವರು ಇಲ್ಲಿಯೂ ಇದ್ದಾರೆ."