ಎರಡನೇ ಸಲ ಅನ್ನ ಕೇಳಬಹುದು

ಜುಲೈಯಿಂದ ದೀಪಾವಳಿವರೆಗೆ ನನಗೆ ಬರುವ ಫೋನುಗಳಲ್ಲಿ ಅರ್ಧ ಸುದ್ದಿಯವು. ಹೆಸರು ಬೆಳೆ ಹಾಳಾಯಿತು, ರಸ್ತೆ ಕಿತ್ತುಹೋಯಿತು, ಗ್ರಾಮಸಭೆಯಲ್ಲಿ ಜಗಳವಾಯಿತು. ಇನ್ನರ್ಧ ಪೇಪರಿನಲ್ಲಿ ಬರದ ವಿಷಯ. "ತಮ್ಮಾ, ನಮ್ಮ ಹುಡುಗಗ ದೊಡ್ಡ ಕಾಲೇಜಿನ್ಯಾಗ ಸೀಟ್ ಸಿಕ್ಕೈತಿ. ನೀ ಪ್ಯಾಟ್ಯಾಗ ಓದಿದಾಂವ, ಮುಂದ ಏನ್ ಮಾಡಬೇಕ ಒಂದೀಟ್ ಹೇಳು."

ನಾನು ಸುದ್ದಿಗಿಷ್ಟು ಅಂತ ದುಡ್ಡು ತೆಗೆದುಕೊಳ್ಳುವ ಸ್ಟ್ರಿಂಗರ್. ಆದರೆ ಊರಿನವರ ಲೆಕ್ಕದಲ್ಲಿ ವರದಿಗಾರ ಅಂದರೆ ಎಲ್ಲ ಆಫೀಸಿನ ಬಾಗಿಲು ಗೊತ್ತಿರುವವನು. ಹಾಗಾಗಿ ಹತ್ತು ವರ್ಷದಿಂದ ಈ ಕೆಲಸವೂ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಿಂದ ಈ ವರ್ಷ ಯಾರಾದರೂ ಹೊರಟಿದ್ದರೆ ಅವರಿಗೂ ಓದಿಸಿ.

ಸೀಟು ಸಿಗುವ ತನಕ ಎಲ್ಲರೂ ಜೊತೆಗಿರುತ್ತಾರೆ. ಸಿಕ್ಕ ಮೇಲೆ ಬಕೆಟ್, ಚಾದರ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಬಸ್ ಹತ್ತಿಸುತ್ತೇವೆ. ಕಿಟಕಿ ಹತ್ತಿರ ನಿಂತು ಹೇಳುವ ಮಾತು ಎಲ್ಲ ಊರಲ್ಲೂ ಒಂದೇ. "ತಗ್ಗಿ ಬಗ್ಗಿ ನಡಿ. ಯಾರಿಗೂ ತ್ರಾಸ ಕೊಡಬ್ಯಾಡ. ಕೊಟ್ಟಿದ್ದ ಉಣ್ಣು."

ಊರಿನಲ್ಲಿ ಈ ಮಾತು ಸರಿ. ಯಾಕೆಂದರೆ ಊರಿನಲ್ಲಿ ನೀವು ಬಾಯಿ ತೆರೆಯದಿದ್ದರೂ ಮುಖ ನೋಡಿ ಕೇಳುವವರು ಹತ್ತು ಜನ ಇರುತ್ತಾರೆ. ವಿಶ್ವವಿದ್ಯಾಲಯದಲ್ಲಿ ಹಾಗಿಲ್ಲ. ಅಲ್ಲಿ ಕೇಳದಿದ್ದವರಿಗೆ ಎಲ್ಲ ಗೊತ್ತಿದೆ ಅಂತ ತಿಳಿಯುತ್ತಾರೆ.

ಕೆಲವು ವರ್ಷದ ಹಿಂದಿನ ಮಾತು. ನಮ್ಮ ತಾಲ್ಲೂಕಿನ ಒಬ್ಬ ಹುಡುಗಿ ದಿನಾ ಬಸ್ಸಿನಲ್ಲಿ ಓಡಾಡಿ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಎ. ಮುಗಿಸಿದಳು. ಕನ್ನಡ ಮಾಧ್ಯಮ, ಒಳ್ಳೆಯ ಅಂಕ. ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೀಟು ಸಿಕ್ಕಿತು. ಅವರ ಮನೆಯಿಂದ ಅಷ್ಟು ದೂರ ಓದಲು ಹೋದವರಲ್ಲಿ ಅವಳೇ ಮೊದಲು. ಐದು ವಾರಕ್ಕೆ ದೀಪಾವಳಿ ಬಂತು. ಹಬ್ಬಕ್ಕೆ ಬಂದವಳು ವಾಪಸ್ ಹೋಗುವುದಿಲ್ಲ ಎಂದು ಕೂತಳು.

ಅವರಪ್ಪ ನನಗೆ ಫೋನ್ ಮಾಡಿದರು. ಅವಳಿಗೆ ತಿಳಿಹೇಳು ಎಂದು ಕೇಳಲು ಅಲ್ಲ. "ಕಟ್ಟಿದ ಫೀ ವಾಪಸ್ ಬರತೈತೇನ್ ತಮ್ಮಾ?" ಅಂತ. ಸೋದರತ್ತೆ ಒಂದು ಸಂಬಂಧ ನೋಡಿಟ್ಟಿದ್ದರು. ಹುಡುಗಿ ಮನೆಯಲ್ಲಿ ಉಳಿದರೆ ಮಾಘದೊಳಗೆ ಮದುವೆ ಅಂತ ಲೆಕ್ಕ ಹಾಕಿದ್ದರು.

ನಾನು ಅವರ ಮನೆಗೆ ಹೋದೆ. ಅವಳು ಕಟ್ಟೆ ಮೇಲೆ ಕೂತಿದ್ದಳು. ಯಾರಾದರೂ ಕಾಡಿಸಿದರಾ ಅಂತ ಕೇಳಿದೆ. "ಯಾರೂ ಏನೂ ಅಂದಿಲ್ಲಣ್ಣಾ. ಮಾತಾಡ್ಸಿದವರೂ ಇಲ್ಲ," ಅಂದಳು. ಪಾಠ ಕಷ್ಟವಾ ಎಂದರೆ ಸುಮ್ಮನಾದಳು. ಆಮೇಲೆ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ಕೊನೆಯ ಪುಟ ತೆರೆದು ಕೊಟ್ಟಳು. ತನಗೆ ಗೊತ್ತಾಗದಿದ್ದನ್ನೆಲ್ಲ ನಂಬರ್ ಹಾಕಿ ಬರೆದಿಟ್ಟುಕೊಂಡಿದ್ದಳು.

ಇಂಟರ್ನಲ್ ಅಂದರೆ ಪರೀಕ್ಷೆಯಾ, ಅದರಲ್ಲಿ ಫೇಲಾದರೆ ಏನು? ಅಸೈನ್‌ಮೆಂಟ್ ಎಷ್ಟು ಪುಟ ಬರೆಯಬೇಕು? ಸೆಮಿನಾರ್ ಕೊಡು ಅಂದರೆ ಏನು ಕೊಡಬೇಕು? ಸರ್ ಅವರ ಚೇಂಬರಿಗೆ ಕರೆಯದೆ ಹೋಗಬಹುದಾ? ಲೈಬ್ರರಿಯಲ್ಲಿ ಕೂತು ಓದಲು ದುಡ್ಡು ಕೊಡಬೇಕಾ? ಉತ್ತರ ಕನ್ನಡದಲ್ಲಿ ಬರೆದರೆ ನಡೆಯುತ್ತದಾ? ಎಂಟನೆಯದು: ಮೆಸ್‌ನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳಬಹುದಾ?

ಆ ಪಟ್ಟಿಯಲ್ಲಿ ಅರ್ಥಶಾಸ್ತ್ರದ ಪ್ರಶ್ನೆ ಒಂದೂ ಇರಲಿಲ್ಲ. ಐದು ವಾರ ಅವಳು ಒಂದೇ ಸಲ ಬಡಿಸಿದ್ದನ್ನು ಉಂಡು ಎದ್ದಿದ್ದಳು. ಉಳಿದವರು ಎದ್ದು ಹೋಗಿ ಹಾಕಿಸಿಕೊಳ್ಳುವುದನ್ನು ನೋಡಿದ್ದಳಂತೆ. ಅವರು ಹೆಚ್ಚು ದುಡ್ಡು ಕಟ್ಟಿರಬೇಕು ಅಂದುಕೊಂಡಿದ್ದಳಂತೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವಳ ಅವ್ವ ಸೆರಗು ಬಾಯಿಗೆ ಒತ್ತಿಕೊಂಡರು. ಮಗಳು ಓದಿನಲ್ಲಿ ಸೋತು ಬಂದಿದ್ದಾಳೆ ಎಂದು ಮನೆಯವರೆಲ್ಲ ತಿಳಿದಿದ್ದರು. ಅರ್ಧ ಹೊಟ್ಟೆ, ಒಂಟಿತನ, ಯಾರನ್ನು ಕೇಳಬೇಕೆಂದು ತಿಳಿಯದ ದಿಗಿಲು ಅಂತ ಆವತ್ತೇ ಗೊತ್ತಾಗಿದ್ದು.

ಹುಡುಗರ ಕಥೆ ಬೇರೆ ಥರ ಇರುತ್ತದೆ. ಅವರು ಊರಿಗೆ ವಾಪಸ್ ಬರುವುದಿಲ್ಲ. ಕ್ಲಾಸಿಗೆ ಹೋಗುವುದು ಬಿಟ್ಟು ಅದೇ ಊರಲ್ಲಿ ಎಲ್ಲೋ ಕೆಲಸಕ್ಕೆ ಸೇರಿಕೊಳ್ಳುತ್ತಾರೆ. ಮನೆಯವರಿಗೆ ಫಲಿತಾಂಶದ ದಿನ ಗೊತ್ತಾಗುತ್ತದೆ.

ನಾನು ಪತ್ರಿಕೋದ್ಯಮ ಡಿಪ್ಲೊಮಾ ಮಾಡಲು ಧಾರವಾಡಕ್ಕೆ ಹೋದಾಗ ನನಗೂ ಇದೇ ಆಗಬೇಕಿತ್ತು. ತಪ್ಪಿಸಿದವನು ಬಾದಾಮಿ ಕಡೆಯ ಒಬ್ಬ ಸೀನಿಯರ್. ಮೊದಲ ದಿನವೇ "ನಡಿ, ಒಂದು ಸುತ್ತು ಹಾಕಿ ಬರೋಣ" ಅಂದ. ಫೀ ಕಟ್ಟುವ ಕಿಟಕಿ, ನೋಟಿಸ್ ಹಚ್ಚುವ ಬೋರ್ಡು, ಲೈಬ್ರರಿಯಲ್ಲಿ ಬ್ಯಾಗ್ ಇಡುವ ಜಾಗ, ಜೆರಾಕ್ಸ್ ಅಂಗಡಿ, ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬ ಜೋಳದ ರೊಟ್ಟಿ ಹಾಕುವ ಖಾನಾವಳಿ ತೋರಿಸಿದ. ಎಲ್ಲ ಸೇರಿ ಒಂದು ತಾಸು. ಆ ಒಂದು ತಾಸು ಸಿಕ್ಕಿದ್ದಕ್ಕೆ ನಾನು ಉಳಿದೆ.

ಇದನ್ನು ಸೀನಿಯರ್‌ಗಳ ದೊಡ್ಡ ಮನಸ್ಸಿಗೆ ಮಾತ್ರ ಬಿಟ್ಟಿಲ್ಲ. ಯುಜಿಸಿ 2019ರಲ್ಲಿ 'ದೀಕ್ಷಾರಂಭ' ಅಂತ ಒಂದು ಮಾರ್ಗದರ್ಶಿ ಹೊರಡಿಸಿತು. ಹೊಸಬರಿಗೆ ಕ್ಯಾಂಪಸ್ ತೋರಿಸಿ, ಮೇಷ್ಟ್ರುಗಳನ್ನೂ ಸೀನಿಯರ್‌ಗಳನ್ನೂ ಪರಿಚಯ ಮಾಡಿಸಬೇಕು ಎಂದು ಅದರಲ್ಲಿದೆ. ಕೆಲವು ಕಡೆ ಚೆನ್ನಾಗಿ ಮಾಡುತ್ತಾರೆ. ಕೆಲವು ಕಡೆ ಭಾಷಣ, ಹಾರ, ಗುಂಪು ಫೋಟೊದಲ್ಲಿ ಮುಗಿದುಹೋಗುತ್ತದೆ. ಅಂಥ ಕಾರ್ಯಕ್ರಮಗಳ ಸುದ್ದಿ ನಾನೂ ಕಳಿಸಿದ್ದೇನೆ. ವೇದಿಕೆ ಮೇಲಿದ್ದವರ ಹೆಸರೆಲ್ಲ ಬರುತ್ತವೆ, ಹಿಂದಿನ ಸಾಲಿನಲ್ಲಿ ಕೂತ ಹೊಸ ಹುಡುಗರ ಒಂದು ಪ್ರಶ್ನೆಯೂ ಬರುವುದಿಲ್ಲ.

ಆ ಸಂಜೆ ಕಟ್ಟೆ ಮೇಲೆ ಕೂತು ಅವಳ ಪಟ್ಟಿಗೆ ಒಂದೊಂದಾಗಿ ಉತ್ತರ ಬರೆಸಿದೆ. ಆಮೇಲಿನ ವರ್ಷಗಳಲ್ಲಿ ಬೇರೆ ಮಕ್ಕಳು ಕೇಳಿದ್ದೂ ಅದಕ್ಕೆ ಸೇರಿದೆ. ಮುಖ್ಯವಾದವು ಇವು.

ಹಾಜರಿ ಮೊದಲು. ಬಹಳಷ್ಟು ಕಡೆ ಪ್ರತಿ ವಿಷಯಕ್ಕೂ ಶೇ 75 ಹಾಜರಿ ಬೇಕು. ಸೆಮಿಸ್ಟರ್ ಅಂದರೆ ಸುಮಾರು 16 ವಾರ. ಒಂದು ವಿಷಯಕ್ಕೆ ವಾರಕ್ಕೆ 4 ಕ್ಲಾಸ್ ಅಂದರೆ 64 ಆಯಿತು. 48ಕ್ಕೆ ಕೂಡಲೇಬೇಕು. ಹಬ್ಬ, ಜಾತ್ರೆ, ಮದುವೆ, ಸುಗ್ಗಿ, ಜ್ವರ ಎಲ್ಲ ಸೇರಿ ತಪ್ಪಬಹುದಾದದ್ದು 16 ಮಾತ್ರ. ಇದನ್ನು ಮಕ್ಕಳಿಗಿಂತ ಮನೆಯವರು ನೆನಪಿಡಬೇಕು. ಮೆಣಸಿನಕಾಯಿ ಬಿಡಿಸಲು ಆಳು ಸಿಗಲಿಲ್ಲ ಅಂತ ಒಂದು ವಾರ ಕರೆಸಿಕೊಂಡರೆ ಆ 16ರಲ್ಲಿ 4 ಹೋಯಿತು.

ಇಂಟರ್ನಲ್ ಅಂದರೆ ಕೊನೆಯ ಪರೀಕ್ಷೆಗೆ ಮುಂಚೆಯೇ ಬರುವ ಅಂಕ. ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರ್ ಇವುಗಳಿಂದ ಬರುತ್ತದೆ. ಸೆಮಿನಾರ್ ಅಂದರೆ ಒಂದು ವಿಷಯ ಓದಿಕೊಂಡು ಕ್ಲಾಸಿನ ಮುಂದೆ ನಿಂತು ಹೇಳುವುದು, ಅಷ್ಟೆ. ದಿನಾಂಕ ನೋಟಿಸ್ ಬೋರ್ಡಿಗೆ ಅಥವಾ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಬರುತ್ತದೆ. ಮನೆಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಆ ಗುಂಪಿನಲ್ಲಿ ನಿಮ್ಮ ನಂಬರ್ ಇದೆಯೋ ಇಲ್ಲವೋ ಮೊದಲ ವಾರವೇ ನೋಡಿಕೊಳ್ಳಿ.

ಮೇಷ್ಟ್ರ ಚೇಂಬರಿಗೆ ಕರೆಯದೆ ಹೋಗಬಹುದು. ಬಾಗಿಲಲ್ಲಿ ನಿಂತು "ಸರ್, ಒಂದು ನಿಮಿಷ ಬರಬಹುದಾ?" ಅಂದರೆ ಸಾಕು. ಈಗ ಬೇಡ ಎಂದರೆ ಯಾವಾಗ ಬರಲಿ ಎಂದು ಕೇಳಿ. ಕಲಾ ವಿಭಾಗದ ಹಲವು ವಿಷಯಗಳಲ್ಲಿ ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿರುತ್ತದೆ. ನಿಮ್ಮ ವಿಭಾಗದಲ್ಲಿ ಹೇಗೆ ಎಂದು ಮೊದಲ ವಾರ ಕೇಳಿದರೆ ವರ್ಷವಿಡೀ ನಿಶ್ಚಿಂತೆ. ಇಂಗ್ಲಿಷಿನಲ್ಲಿ ಪಾಠ ನಡೆದಾಗ ಗೊತ್ತಾಗದ ಪದಗಳನ್ನು ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ. ಒಂದು ವಿಷಯದಲ್ಲಿ ಅವೇ ಪದಗಳು ಮತ್ತೆ ಮತ್ತೆ ಬರುತ್ತವೆ.

ದುಡ್ಡಿನ ವಿಷಯ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತದೆ. ಅದು ನಾಡಕಚೇರಿಯಲ್ಲಿ ಕೊಟ್ಟ ಕಾಗದದ ಮೇಲೆಯೇ ಇರುತ್ತದೆ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಮನೆಯಲ್ಲಿ ಎರಡು ಪಾಸ್‌ಬುಕ್ ಇದ್ದರೆ ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿಕೊಂಡೇ ಊರು ಬಿಡಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಅರ್ಹ ಮಕ್ಕಳಿಗೆ 'ವಿದ್ಯಾಸಿರಿ'ಯಲ್ಲಿ 10 ತಿಂಗಳು ಊಟ-ವಸತಿಗೆ ನೆರವು ಇದೆ. ಇವು ಯಾವುವೂ ಅರ್ಜಿ ಹಾಕಿದ ವಾರ ಬರುವುದಿಲ್ಲ. ಮೊದಲ ಕೆಲವು ತಿಂಗಳ ಖರ್ಚನ್ನು ಮನೆಯಿಂದಲೇ ಹೊಂದಿಸಬೇಕಾಗುತ್ತದೆ.

ಕಾಡಿಸಿದರೆ ಸುಮ್ಮನಿರಬೇಡಿ. ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲೇ ನಿಯಮ ಮಾಡಿದೆ. 1800-180-5522 ಹಗಲು ರಾತ್ರಿ ನಡೆಯುವ ಉಚಿತ ಸಹಾಯವಾಣಿ. ಮನಸ್ಸಿಗೆ ಭಾರವಾದರೆ, ನಿದ್ದೆ ಬರದಿದ್ದರೆ, ಬದುಕು ಬೇಡ ಅನ್ನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಇದು ಹುಚ್ಚಿನ ನಂಬರ್ ಅಲ್ಲ. ಜ್ವರಕ್ಕೆ ಗುಳಿಗೆ ಕೇಳಿದ ಹಾಗೆಯೇ ಇದೂ.

ಇನ್ನೊಂದು ಮಾತು ಹೆಣ್ಣುಮಕ್ಕಳ ಮನೆಯವರಿಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತವಾಗಿದೆ. ಇದರಿಂದ ಎಷ್ಟೋ ಹುಡುಗಿಯರು ಕಾಲೇಜಿಗೆ ಹೋಗುವಂತಾಗಿದೆ, ನಾನೇ ನೋಡಿದ್ದೇನೆ. ಆದರೆ ಟಿಕೆಟ್ ಇಲ್ಲ ಅಂತ ಪ್ರತಿ ಶನಿವಾರ ಕರೆಸಿಕೊಳ್ಳಬೇಡಿ. ಹಾಸ್ಟೆಲಿನ ಗೆಳೆತನ ಕೂಡಿಬರುವುದು ಭಾನುವಾರ, ಬಟ್ಟೆ ಒಗೆಯುವಾಗ, ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ. ಮೊದಲ ಎರಡು ತಿಂಗಳು ಅಲ್ಲೇ ಇರಲು ಬಿಡಿ.

ಆ ಹುಡುಗಿ ಹಬ್ಬ ಮುಗಿಸಿ ವಾಪಸ್ ಹೋದಳು. ನನ್ನ ಮಾತಿಗೆ ಅಲ್ಲ, ಅವಳ ಅವ್ವನ ಮಾತಿಗೆ. ರಾತ್ರಿಯೆಲ್ಲ ಯೋಚಿಸಿದ ಆ ತಾಯಿ ಬೆಳಿಗ್ಗೆ ಗಂಡನ ಎದುರೇ ಹೇಳಿದರಂತೆ: "ಹೋಗು. ಹೊಟ್ಟಿ ತುಂಬ ಕೇಳಿ ಉಣ್ಣು. ತಿಳೀದಿದ್ರ ಕೇಳು. ಬೈದ್ರ ಬೈಸ್ಕೋ, ಮತ್ತ ಕೇಳು." ಪಕ್ಕದ ಊರಿನ ಒಬ್ಬ ಹುಡುಗಿ ಅದೇ ಕ್ಯಾಂಪಸ್‌ನಲ್ಲಿ ಎರಡನೇ ವರ್ಷದಲ್ಲಿದ್ದಳು. ಅವಳ ನಂಬರ್ ಹುಡುಕಿ ಬಸ್ ಸ್ಟ್ಯಾಂಡಿಗೆ ಬರಹೇಳಿದೆ. ಇಬ್ಬರೂ ಒಂದೇ ಆಟೊದಲ್ಲಿ ಹೋದರು. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಉಳಿಯಿತು. ಆಮೇಲೆ ಅದನ್ನೂ ಪಾಸು ಮಾಡಿಕೊಂಡು ಎಂ.ಎ. ಮುಗಿಸಿದಳು. ಈಗ ಬಿ.ಇಡಿ. ಓದುತ್ತಿದ್ದಾಳೆ. ಮದುವೆ ಮಾತು ಮನೆಯಲ್ಲಿ ಆಗಾಗ ಏಳುತ್ತದೆ. ಈಗ ಅವಳೂ ಆ ಮಾತಿನಲ್ಲಿ ಕೂತು ಉತ್ತರ ಕೊಡುತ್ತಾಳೆ.

ಈ ವರ್ಷ ಯಾರನ್ನಾದರೂ ಕಳಿಸುತ್ತಿದ್ದೀರಾ? ಬ್ಯಾಗ್ ಕಟ್ಟುವ ಹಿಂದಿನ ರಾತ್ರಿ ಅವರ ಕೈಲಿ ಒಂದು ಹಾಳೆ ಕೊಟ್ಟು, ಗೊತ್ತಿಲ್ಲದ್ದನ್ನೆಲ್ಲ ಬರೆಯಲು ಹೇಳಿ. ಊಟ, ಬಾತ್‌ರೂಮು, ಬಟ್ಟೆ ಒಣಗಿಸುವುದು, ಏನೇ ಇರಲಿ. ನಿಮ್ಮೂರಿನಿಂದಲೋ ಪಕ್ಕದೂರಿನಿಂದಲೋ ಅಲ್ಲಿ ಓದುತ್ತಿರುವ ಒಬ್ಬರಿಗೆ ಫೋನ್ ಮಾಡಿ ಆ ಹಾಳೆ ಓದಿಸಿ. ಹೋದ ಮೇಲೆ ಫೋನಿನಲ್ಲಿ "ಚಲೋ ಓದಾಕತ್ತೀಯಾ?" ಅಂತ ಕೇಳುವ ಬದಲು "ಯಾರ ಜೋಡಿ ಉಂಡಿ?" ಅಂತ ಕೇಳಿ. ಒಂದು ವಾರ ಕಳೆದರೂ ಒಂದು ಹೆಸರು ಹೇಳದಿದ್ದರೆ, ನೀವೇ ಒಂದು ದಿನ ಬಸ್ ಹತ್ತಿ ಹೋಗಿ ಬನ್ನಿ.